ವೈಫೈ ಕಳ್ಳ ಮೇಜಿನ ಮೇಲೇ ಇದ್ದ

ಫೆಬ್ರವರಿ 11, 2026, ಬುಧವಾರ, ರಾತ್ರಿ 11:20

ಇವತ್ತು ಸಂಜೆಯ ಮೀಟಿಂಗ್‌ನಲ್ಲಿ ಮತ್ತೆ ಕಲ್ಲಾಗಿ ನಿಂತೆ. ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ಮುಚ್ಚಿ. ಆ ಕಡೆಯವರು "ಕೇಳಿಸ್ತಿಲ್ಲ" ಅಂತ ನಾಲ್ಕು ಸಲ ಹೇಳಿದ್ದು ಕೊನೆಗೆ ನನಗೆ ಒಟ್ಟಿಗೇ ಕೇಳಿಸಿತು.

ಮೂರು ವಾರದಿಂದ ಇದೇ ಗೋಳು. ಬೆಳಗ್ಗೆ ಎಲ್ಲ ಸರಿ ಇರುತ್ತದೆ. ಸಂಜೆ ಏಳಾಯಿತೋ, ಲ್ಯಾಪ್‌ಟಾಪ್‌ನ ವೈಫೈ ಎಡವಲು ಶುರು. ತಮಾಷೆ ಅಂದರೆ, ಸಿಗ್ನಲ್ ಗೆರೆಗಳು ಮಾತ್ರ ತುಂಬಿಕೊಂಡೇ ಇರುತ್ತವೆ. ಫೋನಿಗೂ ಏನೂ ಆಗುವುದಿಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದ್ದಕ್ಕೆ ಲೆಕ್ಕವಿಲ್ಲ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಮಾಡಿ ಅಂದರು. ವೈಫೈ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹೊಸದು ಹಾಕಿದೆ. ವಿದ್ಯುತ್ ಉಳಿಸಲು ವೈಫೈ ಅಡಾಪ್ಟರನ್ನು ಆಫ್ ಮಾಡಬಹುದು ಅನ್ನೋ ಟಿಕ್ ತೆಗೆದೆ. ಸಂಜೆ ಅಕ್ಕಪಕ್ಕದ ಮನೆಗಳ ವೈಫೈ ಜಾಸ್ತಿ ಇರುತ್ತೆ ಅಲ್ವಾ, ಅದೇ ಗಲಾಟೆ ಇರಬೇಕು ಅಂತ ಚಾನೆಲ್ 6ರಿಂದ 11ಕ್ಕೆ ಬದಲಿಸಿದೆ. ವೈಫೈ ಓಡುವ ರೇಡಿಯೋ ಬ್ಯಾಂಡ್‌ಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್‌ಗಳು ಅಂದರೆ 1, 6, 11. ನಡುವಿನ 3, 4 ಇಟ್ಟರೆ ಎರಡೂ ಕಡೆಯವರ ಜಗಳ ನಮ್ಮ ತಲೆ ಮೇಲೆ. ಚಾನೆಲ್ ಬದಲಾಯಿತು, ಗೋಳು ಬದಲಾಗಲಿಲ್ಲ.

ಇವತ್ತು ಮೀಟಿಂಗ್ ಮುಗಿದ ಮೇಲೆ ಸಿಟ್ಟಿನಲ್ಲೇ, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗೆ ಒಂದು ದಾರಿ, ರೂಟರ್‌ನಿಂದ ಹೊರಜಗತ್ತಿಗೆ ಇನ್ನೊಂದು. ಕೆಟ್ಟಿರುವುದು ಯಾವುದು? ಕಮಾಂಡ್ ಟೈಪ್ ಮಾಡುವ ಎರಡು ಕಪ್ಪು ಕಿಟಕಿ ತೆರೆದು, ಒಂದರಲ್ಲಿ ರೂಟರ್‌ಗೇ ಪಿಂಗ್ ಮಾಡಿದೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಎಷ್ಟು ಬೇಗ ಬರುತ್ತೆ ಅಂತ ನೋಡಿದೆ. ನನ್ನದರ ವಿಳಾಸ 192.168.1.1. ನಿಮ್ಮದು ನೆಟ್‌ವರ್ಕ್ ವಿವರದಲ್ಲಿ ಡೀಫಾಲ್ಟ್ ಗೇಟ್‌ವೇ ಅಂತ ಇರುತ್ತದೆ. ಇನ್ನೊಂದರಲ್ಲಿ ಹೊರಜಗತ್ತಿನ 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ರೂಟರ್ ಚೆನ್ನಾಗಿ ಉತ್ತರಿಸಿ ಹೊರಗಿನದು ಮಾತ್ರ ತಡವರಿಸಿದರೆ ತಪ್ಪು ಹೊರಗಿನ ಲೈನಿನದು. ಆದರೆ ನನಗೆ ರೂಟರ್‌ನಿಂದಲೇ ಉತ್ತರ 300, 420 ಮಿಲಿಸೆಕೆಂಡ್, ನಡುನಡುವೆ ಟೈಮ್ ಔಟ್. ಅಂದರೆ ಎರಡು ಗೋಡೆ ದಾಟುವಷ್ಟರಲ್ಲೇ ಮಾತು ಕಳೆದುಹೋಗುತ್ತಿದೆ. ಮೂರು ವಾರ ಆ ಇಂಟರ್ನೆಟ್‌ನವರನ್ನು ಸುಮ್ನೆ ಬೈದುಕೊಂಡಿದ್ದೆ.

ಪಿಂಗ್ ನೋಡುತ್ತಾ ಮೌಸ್ ಸರಿಸಿದೆ. ಬಾಣ ಎಳೆದಾಡಿಕೊಂಡು, ಜಿಗಿದು ಜಿಗಿದು ಹೋಯಿತು. ಇದೂ ಸಂಜೆಯ ಕಾಯಿಲೆಯೇ. ಬ್ಯಾಟರಿ ಹೋಗಿದೆ ಅಂತ ಈ ತಿಂಗಳಲ್ಲೇ ಎರಡು ಸಲ ಬದಲಿಸಿದ್ದೇನೆ. ಆಗ ತಲೆಗೆ ಹೊಳೆಯಿತು. ವೈರ್ ಇಲ್ಲದ ಈ ಮೌಸ್ ಕೂಡ ಓಡುವುದು 2.4 ಗಿಗಾಹರ್ಟ್ಸ್‌ನಲ್ಲೇ. ಎರಡಕ್ಕೂ ಒಟ್ಟಿಗೇ ಕಾಟ ಕೊಡುವವನು ಇಲ್ಲೇ ಪಕ್ಕದಲ್ಲಿ ಎಲ್ಲೋ ಇರಬೇಕು.

ಇದ್ದ. ಲ್ಯಾಪ್‌ಟಾಪ್ ಪರದೆಯ ಬೆನ್ನಿಗೇ ಒರಗಿ ನೀಲಿ ಲೈಟ್ ಮಿಣುಕಿಸುತ್ತಿದ್ದ ಹಾರ್ಡ್ ಡಿಸ್ಕ್. ದಿನಾ ಸಂಜೆ ಏಳಕ್ಕೆ ಬ್ಯಾಕಪ್ ಅಂತ ನಾನೇ ಹೊಂದಿಸಿಟ್ಟಿದ್ದು, ಹೊಸದಾಗಿ ತಂದ ಉತ್ಸಾಹದಲ್ಲಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಬ್ಯಾಕಪ್ ನಿಲ್ಲಿಸಿ ಡಿಸ್ಕ್ ಕಿತ್ತೆ. ಪಿಂಗ್ 3 ಮಿಲಿಸೆಕೆಂಡ್. ಮತ್ತೆ ಚುಚ್ಚಿ ಬ್ಯಾಕಪ್ ಶುರು ಮಾಡಿದೆ, 350. ನಂಬಿಕೆ ಬರಲಿ ಅಂತ ಐದು ಸಲ ಹೀಗೇ ಮಾಡಿದೆ. ನಿಜ ಹೇಳಬೇಕೆಂದರೆ, ಕೊನೆಯ ಎರಡು ಸಲ ಬರೀ ಖುಷಿಗೆ.

ಈ ಡಿಸ್ಕ್ ಚುಚ್ಚಿದ್ದು ಯುಎಸ್‌ಬಿ 3.0 ಪೋರ್ಟಿಗೆ, ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಸಾಗಿಸುತ್ತದೆ. ಆ ವೇಗಕ್ಕೆ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಮೇಲೂ ಬೀಳುತ್ತದೆ. ಕೇಬಲ್ಲಿನ ಕವಚ ಸರಿ ಇಲ್ಲದಿದ್ದರೆ ಇನ್ನೂ ಜಾಸ್ತಿ. ಇಂಟೆಲ್ ಇದನ್ನು 2012ರಲ್ಲೇ ಅಳೆದು ಬರೆದಿದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ವೈಫೈ ಆಂಟೆನಾ ಇರುವುದು ಪರದೆಯ ಚೌಕಟ್ಟಿನೊಳಗೆ. ನಾನು ಡಿಸ್ಕ್ ಒರಗಿಸಿದ್ದು ಸರಿಯಾಗಿ ಅಲ್ಲಿಗೇ! ಗೆರೆಗಳು ಯಾಕೆ ತುಂಬಿದ್ದವು ಅನ್ನೋದೂ ಈಗ ಅರ್ಥವಾಯಿತು. ಅವು ರೂಟರ್‌ನ ದನಿ ಎಷ್ಟು ಜೋರಾಗಿದೆ ಅಂತ ಹೇಳುತ್ತವೆ, ಪಕ್ಕದಲ್ಲಿ ಗದ್ದಲ ಎಷ್ಟಿದೆ ಅಂತ ಹೇಳುವುದಿಲ್ಲ. ಕಿವಿಯ ಪಕ್ಕ ಡ್ರಿಲ್ ಮಷಿನ್ ಓಡುತ್ತಿದ್ದರೆ ಎದುರಿನವರು ಎಷ್ಟು ಗಟ್ಟಿಯಾಗಿ ಮಾತಾಡಿದರೇನು?

ಡಿಸ್ಕಿಗೆ ಉದ್ದದ ಕೇಬಲ್ ಹಾಕಿ ಮೇಜಿನ ಆ ತುದಿಗೆ ಅಟ್ಟಿದೆ. ಮೌಸಿನ ಸಿಗ್ನಲ್ ಹಿಡಿಯುವ ಪುಟ್ಟ ಡಾಂಗಲ್ ಎದುರು ಬದಿಯ ಪೋರ್ಟಿಗೆ ಹೋಯಿತು. ಅಷ್ಟಕ್ಕೇ ಮುಕ್ಕಾಲು ಪಾಲು ಸರಿಯಾಯಿತು.

ಉಳಿದ ಕಾಲು ಪಾಲಿಗೆ ವೈಫೈಯ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗೆ ಹೋಗಬೇಕಿತ್ತು. ಈ ಗದ್ದಲ ಅಲ್ಲಿ ತಟ್ಟುವುದಿಲ್ಲ. ಫೋನ್ ಬಚಾವಾಗಿದ್ದೂ ಅದಕ್ಕೇ, ಅದು ಮೊದಲಿನಿಂದ ಅಲ್ಲೇ ಇತ್ತು. ಎರಡೂ ಬ್ಯಾಂಡ್‌ಗಳ ವೈಫೈಗೆ ಒಂದೇ ಹೆಸರಿದ್ದುದರಿಂದ ಲ್ಯಾಪ್‌ಟಾಪ್ ತನ್ನಿಷ್ಟದಂತೆ 2.4ಕ್ಕೇ ಅಂಟಿಕೊಂಡಿತ್ತು. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟೆ. ಆದರೆ 5ಕ್ಕೆ ಗೋಡೆ ದಾಟುವ ಶಕ್ತಿ ಕಡಿಮೆ. ನನ್ನ ಕೋಣೆಯಲ್ಲಿ ಸಿಗ್ನಲ್ ಮೈನಸ್ 76 ಡಿಬಿಎಂ ತೋರಿಸಿತು, ಡಿಬಿಎಂ ಅಂದರೆ ಸಿಗ್ನಲ್ ಶಕ್ತಿಯ ಅಳತೆ. ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 3 ಇಳಿದರೆ ಸಿಗ್ನಲ್ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ವಿಡಿಯೋ ಕರೆಗೆ ಮೈನಸ್ 67ರ ಆಸುಪಾಸು ಬೇಕು. ಚೆನ್ನಾಗಿ ಕಾಣುವುದಿಲ್ಲ ಅಂತ ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಟ್ಟಿದ್ದೆ. ಈಗ ಅದು ಬೀರುವಿನ ಮೇಲೆ ಕೂತಿದೆ, ಮೈನಸ್ 63. ಮನೆಯಲ್ಲಿ ಯಾರಿಗೂ ಆ ನೋಟ ಹಿಡಿಸಿಲ್ಲ.

ಇದನ್ನು ಬರೆಯುವಾಗಲೂ ಬ್ಯಾಕಪ್ ಓಡುತ್ತಿದೆ. ಪಕ್ಕದ ಕಿಟಕಿಯಲ್ಲಿ ಪಿಂಗ್ 3, 3, 4, 3. ಮೌಸಿನಿಂದ ಸುಮ್ಮನೆ ತೆಗೆದ ಬ್ಯಾಟರಿಗಳು ಡ್ರಾಯರ್‌ನಲ್ಲೇ ಇವೆ. ನಾಳೆ ಗೋಡೆ ಗಡಿಯಾರಕ್ಕೆ ಹಾಕಿ ನೋಡಬೇಕು.