ಬಾಯೊಳಗಿನ ಗಂಟಿಗೆ ಎಚ್‌ಪಿವಿ ನೆಗೆಟಿವ್ ಅಂತ ಬಂದ್ರೆ

ಶಿವಮೊಗ್ಗದ ಒಂದು ಲ್ಯಾಬಲ್ಲಿ ಪಿಸಿಆರ್ (ಡಿಎನ್‌ಎ ತುಂಡನ್ನ ಪದೇ ಪದೇ ನಕಲು ಮಾಡಿ ಗುರುತಿಸೋ ಟೆಸ್ಟ್) ಕೆಲಸ ನಂದು. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಬಾಯಿ ಬಯಾಪ್ಸಿಗಳು ಬರ್ತಾನೇ ಇರ್ತಾವೆ. ನಮ್ ಕಡೆ ಎಲೆ ಅಡಿಕೆ ಹಾಕೋರು ಜಾಸ್ತಿ ಅಲ್ವಾ, ನಾಲಿಗೆ ಮೇಲೆ ಹೂಕೋಸಿನ ತರ ಒಂದು ಸಣ್ಣ ಬಿಳಿ ಗಂಟು ಎದ್ರೆ ಸಾಕು, ಕ್ಯಾನ್ಸರೇ ಇರ್ಬೇಕು ಅಂತ ಮನೆಮಂದಿಯೆಲ್ಲ ಕಂಗಾಲಾಗ್ತಾರೆ. ಡಾಕ್ಟರಿಗೆ ತೋರಿಸ್ಲೇಬೇಕು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಇಂಥವು ಎಷ್ಟೋ ಸಲ ಪ್ಯಾಪಿಲೋಮಾ, ಅಂದ್ರೆ ಎಚ್‌ಪಿವಿ ಅನ್ನೋ, ಹಲವು ಟೈಪುಗಳಿರೋ ನರುಲಿ ವೈರಸ್ಸಿಂದ ಏಳೋ, ಅಪಾಯ ಇಲ್ಲದ ಗಂಟು.

ಒಂದು ಸಲ ಒಬ್ಬ ಡಾಕ್ಟರು ಫೋನ್ ಮಾಡಿ, ಸ್ಲೈಡಲ್ಲಿ ವೈರಸ್ ಹೊಕ್ಕ ಜೀವಕೋಶ ಎದ್ದು ಕಾಣ್ತಿದೆ, ಹೊರಗಿನ ಲ್ಯಾಬಿನ ರಿಪೋರ್ಟ್ ಮಾತ್ರ ಎಚ್‌ಪಿವಿ ನೆಗೆಟಿವ್ ಅಂತಿದೆ, ಇದ್ಹೇಗೆ ಅಂದ್ರು. ಯಾವ ಕಿಟ್ ಅಂತ ವಿಚಾರಿಸಿದ್ರೆ ಗರ್ಭಕೊರಳಿನ ಕ್ಯಾನ್ಸರ್ ಸ್ಕ್ರೀನಿಂಗಿಂದು! ಅದು ಹುಡುಕೋದು 16, 18 ತರದ ಕ್ಯಾನ್ಸರ್ ತರೋ ಟೈಪುಗಳನ್ನ. ಬಾಯಿಯ ಪ್ಯಾಪಿಲೋಮಾದಲ್ಲಿ ಸಾಮಾನ್ಯವಾಗಿ ಸಿಗೋದು 6 ಮತ್ತು 11, ಕೈ ಮೇಲಿನ ನರುಲಿಯಿಂದ ಬಂದಿದ್ರೆ 2 ಇಲ್ಲಾ 4, ತುಟಿ ಕೆನ್ನೆ ಒಳಗೆ ಮೆತ್ತಗಿನ ಗಂಟುಗಳು ಗುಂಪಾಗಿ ಎದ್ದಿರೋ ಹೆಕ್ ಕಾಯಿಲೆ ಆದ್ರೆ 13 ಅಥವಾ 32. ಇವು ಯಾವುದನ್ನೂ ಆ ಕಿಟ್ ನೋಡೋದೇ ಇಲ್ಲ, ಹಾಗಾಗಿ ಅದರ ನೆಗೆಟಿವ್ ಈ ಗಂಟಿನ ಬಗ್ಗೆ ಏನೂ ಹೇಳಲ್ಲ. ಇಂಥ ಕೇಸಿಗೆ ಹಲವು ಟೈಪುಗಳಿಗೆ ಹೊಂದೋ ಪ್ರೈಮರ್ (ಬೇಕಾದ ಜೀನಿಗೆ ಅಂಟ್ಕೊಳ್ಳೋ ಸಣ್ಣ ಡಿಎನ್‌ಎ ತುಂಡು) ಹಾಕಿ ವೈರಸ್ಸಿನ ಎಲ್1 ಜೀನಿನ ತುಂಡು ಹಿಡಿದು, ಆಮೇಲೆ ಸೀಕ್ವೆನ್ಸ್ ಮಾಡಿ, ಅಂದ್ರೆ ಅದರ ಡಿಎನ್‌ಎ ಅಕ್ಷರಗಳ ಸಾಲು ಓದಿ, ಯಾವ ಟೈಪು ಅಂತ ನೋಡ್ಬೇಕು.

ಇನ್ನೊಂದು ತಲೆನೋವು ಫಾರ್ಮಲಿನ್, ಬಯಾಪ್ಸಿ ಚೂರು ಕೆಡದ ಹಾಗೆ ಹಾಕಿಡೋ ದ್ರಾವಣ. ಮಂಗನ ಕಾಯಿಲೆ, ಕೋವಿಡ್ ದೆಸೆಯಿಂದ ಪಿಸಿಆರ್ ಹೆಸರು ಎಲ್ಲರಿಗೂ ಗೊತ್ತು, ಆದ್ರೆ ಅಲ್ಲಿ ತಾಜಾ ಸ್ಯಾಂಪಲ್ ಬರುತ್ತೆ, ಇಲ್ಲಿ ನಮಗೆ ಸಿಗೋದು ಮೇಣದ ಬ್ಲಾಕಿನೊಳಗಿನ ಚೂರು. ಫಾರ್ಮಲಿನ್‌ನಲ್ಲಿ ಡಿಎನ್‌ಎ ತುಂಡು ತುಂಡಾಗುತ್ತೆ, ಸುಮಾರು 450 ಬೇಸಿನ (ಡಿಎನ್‌ಎ ಅಕ್ಷರದ) ಭಾಗ ಹಿಡಿಯೋ ಹಳೇ ಪ್ರೈಮರ್ ಕೈ ಕೊಟ್ಟಲ್ಲಿ 150ರ ಆಸುಪಾಸಿಂದು ಕೆಲಸ ಮಾಡುತ್ತೆ. ಜೊತೆಗೆ, ಸ್ಯಾಂಪಲ್ಲಲ್ಲಿ ಡಿಎನ್‌ಎ ಸರಿಯಾಗಿ ಉಳಿದಿದ್ಯಾ ಅಂತ ನೋಡೋಕೆ, ಬೀಟಾ ಗ್ಲೋಬಿನ್ ಅಂತ ಮನುಷ್ಯನದೇ ಒಂದು ಜೀನನ್ನೂ ಓಡಿಸ್ತೀವಿ, ಅದೂ ಬರ್ಲಿಲ್ಲ ಅಂದ್ರೆ ರಿಪೋರ್ಟಲ್ಲಿ ನೆಗೆಟಿವ್ ಅಂತ ಬರೆಯೋ ಹಾಗಿಲ್ಲ, ಸ್ಯಾಂಪಲ್ ಪರೀಕ್ಷೆಗೆ ಯೋಗ್ಯ ಇಲ್ಲ ಅಂತಾನೇ ಬರೀಬೇಕು. ಬ್ಲಾಕಿಂದ ಬ್ಲಾಕಿಗೆ ಬ್ಲೇಡ್ ಬದಲಾಯಿಸದಿದ್ರೆ ಒಬ್ಬರ ವೈರಸ್ ಇನ್ನೊಬ್ಬರ ರಿಪೋರ್ಟಲ್ಲಿ ಬರುತ್ತೆ, ಅದಕ್ಕಂತೂ ನಾನು ಯಾರಿಗೂ ವಿನಾಯ್ತಿ ಕೊಡಲ್ಲ.

ಎಲ್ಲಾ ಗಂಟಿಗೂ ಈ ಟೆಸ್ಟ್ ಬೇಕಾಗಿಲ್ಲ. ಒಂಟಿ ಪ್ಯಾಪಿಲೋಮಾಗೆ ಸ್ಲೈಡೇ ಸಾಕು, ತೆಗೆದುಹಾಕಿದ್ರೆ ಮುಗೀತು. ತೆಗೆದ ಮೇಲೂ ಮತ್ತೆ ಮತ್ತೆ ಬಂದ್ರೆ, ತುಂಬಾ ಗಂಟು ಇದ್ರೆ, ರೋಗನಿರೋಧಕ ಶಕ್ತಿ ಕಮ್ಮಿ ಇದ್ರೆ ಆಗ ಮಾಡ್ಸಿ. ಇನ್ನೊಂದು, 6 ಮತ್ತು 11 ಲೈಂಗಿಕ ಸಂಪರ್ಕದಿಂದಲೂ ಹರಡೋ ಟೈಪುಗಳು, ಹಾಗಾಗಿ 6 ಅಥವಾ 11 ಅಂತ ಬಂದ ತಕ್ಷಣ ಗಂಡ ಹೆಂಡ್ತಿ ಮೇಲೆ ಅನುಮಾನ ಪಡೋದು ನೋಡಿ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಯಾರಿಂದ ಬಂತು, ಯಾವಾಗ ಬಂತು ಅಂತ ಹೇಳೋ ಶಕ್ತಿ ಈ ಟೆಸ್ಟಿಗೆ ಇಲ್ಲ, ಇದನ್ನ ಪೇಷೆಂಟಿಗೆ ಡಾಕ್ಟರೇ ಬಾಯ್ಬಿಟ್ಟು ಹೇಳ್ಬೇಕು.

ಸ್ಯಾಂಪಲ್ ಕಳಿಸೋರಿಗೆ ಕೇಳ್ಕೊಳ್ಳೋದು ಇಷ್ಟೇ: 10% ಬಫರ್ಡ್ ಫಾರ್ಮಲಿನ್‌ನಲ್ಲೇ ಹಾಕಿ, ಮಳೆ, ಬಸ್ಸಿಲ್ಲ ಅಂತ ವಾರಗಟ್ಟಲೆ ಇಟ್ಕೋಬೇಡಿ, ಫಾರ್ಮಲ್ಲಿ ಗಂಟು ಎಲ್ಲಿತ್ತು, ಎಷ್ಟಿತ್ತು, ಕೈ ಮೇಲೆ ನರುಲಿ ಇದ್ಯಾ ಅಂತ ಬರೆದು ಕಳ್ಸಿ.