ಅಟ್ಟೆಯ ಲೆಕ್ಕ, ಅತ್ತೆಯ ಕೈ

ಟೆರೇಸಿನಲ್ಲಿ ಮಲ್ಲಿಗೆ ಬೆಳೆದರೆ ತಿಂಗಳಿಗೆ ಎಷ್ಟು ಸಿಗುತ್ತದೆ? ಉಡುಪಿ ಹತ್ತಿರದ ನಮ್ಮ ಕಟಪಾಡಿಯ ಮನೆಗೆ ಬಂದವರೆಲ್ಲ ಮೆಟ್ಟಿಲು ಹತ್ತಿ, ಚಟ್ಟಿಗಳನ್ನು ನೋಡಿ, ಒಂದು ಮೊಗ್ಗು ಮೂಸಿ, ಕೆಳಗೆ ಇಳಿಯುವಾಗ ಕೇಳುವುದು ಇದನ್ನೇ. ಕಾಯಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಕಳೆದ ವರ್ಷ ಖರ್ಚು ಕಳೆದು ಉಳಿದದ್ದು 12,240 ರೂಪಾಯಿ. ತಿಂಗಳಿಗೆ 1,020. ನಗುವವರು ನಗಬಹುದು.

ಶುರು ಮಾಡಿದ್ದು ಒಂದು ವಿಡಿಯೋ ನೋಡಿ. ಅಟ್ಟೆಗೆ 2,100 ರೂಪಾಯಿ ರೇಟು, ದಿನಕ್ಕೆ ಅರ್ಧ ಅಟ್ಟೆ ಸಿಕ್ಕಿದರೂ ತಿಂಗಳಿಗೆ 31,500 ಎಂದು ಅದರಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಗುಣಾಕಾರದಲ್ಲಿ ತಪ್ಪೇನೂ ಇರಲಿಲ್ಲ.

ಈ ಅಟ್ಟೆ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಹೇಳಬೇಕು. ಬೇರೆ ಕಡೆ ಹೂವನ್ನು ಮೊಳದಲ್ಲಿ, ಕಿಲೋದಲ್ಲಿ ಮಾರುತ್ತಾರೆ. ನಮ್ಮ ಶಂಕರಪುರ ಮಲ್ಲಿಗೆಗೆ ಎಣಿಕೆಯೇ ಬೇರೆ. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ 3,200 ಹೂ. ಶಂಕರಪುರದಲ್ಲಿ ದಿನವೂ ಅಟ್ಟೆಗೆ ಇಷ್ಟು ಅಂತ ರೇಟು ಹೇಳುತ್ತಾರೆ, ಉಡುಪಿ, ಮಂಗಳೂರು, ಮುಂಬೈಗೆ ಹೋಗುವ ಹೂವಿಗೆಲ್ಲ ಅದೇ ಆಧಾರ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಜೊತೆಗೆ ನಮ್ಮದಕ್ಕೂ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಟ್ಯಾಗ್ ಸಿಕ್ಕಿತು ಅಂತ ಮೊಗ್ಗು ಜಾಸ್ತಿ ಬಿಡುವುದಿಲ್ಲ, ಅದು ಬೇರೆ ಮಾತು.

40 ಗಿಡ ತಂದೆ. ಗಿಡಕ್ಕೆ 1,600, ಚಟ್ಟಿಗೆ 4,800, ಕೆಂಪು ಮಣ್ಣು, ಸುಡುಮಣ್ಣು, ಅದನ್ನೆಲ್ಲ ಮೇಲೆ ಹೊತ್ತು ಹಾಕಿದ ಕೂಲಿ ಸೇರಿ 3,800, ಹಿಂಡಿ ಗೊಬ್ಬರಕ್ಕೆ 2,000, ಪೈಪಿಗೆ 900. ಒಟ್ಟು 13,100. ಗಂಡ ಏನೂ ಹೇಳಲಿಲ್ಲ. ಅತ್ತೆ ಮಾತ್ರ ಅಂಗಳದಲ್ಲಿ ನಿಂತು ಟೆಂಪೋದಿಂದ ಇಳಿಯುತ್ತಿದ್ದ ಗಿಡಗಳನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. "ಅಲ್ಲ ಮಾರಾಯ್ತಿ, ಹೂ ಬಿಡುವುದು ಗಿಡ. ಕಟ್ಟುವುದು ಯಾರು?"

ಆಗ ಅದು ತಮಾಷೆ ಅನ್ನಿಸಿತ್ತು.

ಮೊದಲ ಪೆಟ್ಟು ಬಿದ್ದದ್ದು ಮಳೆಗಾಲದಲ್ಲಿ, ಅದೂ ನನ್ನದೇ ಜಾಣತನದಿಂದ. ಟೆರೇಸಿನಲ್ಲಿ ಕಲೆ ಆಗಬಾರದು ಅಂತ ಪ್ರತಿ ಚಟ್ಟಿಯ ಅಡಿಗೂ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದೆ. ಬೇಸಗೆಯಲ್ಲಿ ನೋಡಲು ಚಂದವೇ ಇತ್ತು. ಜೂನ್ ತಿಂಗಳಲ್ಲಿ ನಮ್ಮ ಮಳೆ ಹೇಗೆ ಅಂತ ಗೊತ್ತಲ್ವಾ, ಒಂದು ವಾರ ಹಗಲು ರಾತ್ರಿ ಹೊಡೆಯಿತು. ಆಫೀಸು, ಮಗುವಿನ ಜ್ವರ ಅಂತ ನಾನು ಮೇಲೆ ಹೋಗಲೇ ಇಲ್ಲ. ಹೋಗಿ ನೋಡಿದರೆ ಎಲೆಗಳೆಲ್ಲ ಹಳದಿ. ಒಂದು ಗಿಡ ಹಿಡಿದು ಸ್ವಲ್ಪ ಎಳೆದೆ, ಸುಮ್ನೆ ಕೈಗೇ ಬಂತು. ಬೇರು ಕಪ್ಪಾಗಿ ಲೋಳೆಯಾಗಿತ್ತು, ವಾಸನೆ ಬೇರೆ. ಹಾಗೆ 9 ಗಿಡ ಹೋದವು. ಮಲ್ಲಿಗೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಈಗ ಪ್ರತಿ ಚಟ್ಟಿಯ ಅಡಿಗೆ ಎರಡೆರಡು ತುಂಡು ಇಟ್ಟಿಗೆ ಇಟ್ಟಿದ್ದೇನೆ, ನೀರು ಸಲೀಸಾಗಿ ಹರಿದು ಹೋಗುತ್ತದೆ. ಟೆರೇಸಿನಲ್ಲಿ ಕಲೆ ಆಗಿದೆ. ಆಗಲಿ.

ಉಳಿದ 31 ಗಿಡಗಳನ್ನು ಬದುಕಿಸಿದ್ದು ಶಂಕರಪುರದ ಕಡೆಯ ಒಬ್ಬರು ಬಾಯಮ್ಮ. ಅವರ ಅಂಗಳದಲ್ಲಿ ನನ್ನ ವಯಸ್ಸಿಗಿಂತ ಹಳೆಯ ಮಲ್ಲಿಗೆ ಗಿಡ ಉಂಟು. ಮಳೆ ಬಿಟ್ಟ ಮೇಲೆ ಬಂದು ನೋಡಿ, "ಇಷ್ಟು ಎಲೆ ಇಟ್ಟುಕೊಂಡು ಹೂ ಬಿಡು ಅಂದರೆ ಅದು ಬಿಡ್ತದಾ?" ಅಂತ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎಲೆ ಕೀಳಲು ಶುರು ಮಾಡಿದರು. ನನಗೆ ಹೊಟ್ಟೆ ಚುರ್ ಅಂದಿತು. ಹಸಿರು ಎಲೆ ಮಾರಾಯ್ರೆ, ಅರ್ಧ ಗಂಟೆಯಲ್ಲಿ ಗಿಡ ಪೂರ್ತಿ ಬೋಳು. ಆದರೆ ಅವರು ಹೇಳಿದ ಹಾಗೆಯೇ ಹೊಸ ಚಿಗುರು ಬಂತು, ಚಿಗುರಿನ ತುದಿಯಲ್ಲಿ ಮೊಗ್ಗು ಬಂತು. ನೆಲಗಡಲೆ ಹಿಂಡಿ, ಬೇವಿನ ಹಿಂಡಿ ನೆನೆಸಿ ತಿಳಿ ಮಾಡಿ ಹಾಕುವುದು, ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದರೆ ಒಳಗೆ ಹುಳ ಕೊರೆದಿದೆ ಅಂತ ತಿಳಿದು ಆಗಲೇ ಕಿತ್ತು ದೂರ ಬಿಸಾಡುವುದು, ಎಲ್ಲ ಅವರದೇ ಪಾಠ. ಹಿಂಡಿ ನೆನೆಸಿದ ಬಕೆಟ್ ಮುಚ್ಚಲು ಮರೆತರೆ ಪಕ್ಕದ ಮನೆಯವರು ಮಾತು ಬಿಡುತ್ತಾರೆ, ಇದು ನನ್ನ ಪಾಠ.

ಇನ್ನು ರೇಟು. ಅದರ ಸ್ವಭಾವ ವಿಡಿಯೋದಲ್ಲಿ ಯಾರೂ ಹೇಳಿರಲಿಲ್ಲ. ಬೇಸಗೆಯಲ್ಲಿ ಗಿಡ ತುಂಬಿ ಹೂ. ನಮ್ಮ 31 ಚಟ್ಟಿಯಿಂದಲೇ ಒಂದೊಂದು ದಿನ ಪೂರ್ತಿ ಒಂದು ಚೆಂಡು ಆದದ್ದು ಉಂಟು. ಆದರೆ ಆಗ ಎಲ್ಲರ ಗಿಡದಲ್ಲೂ ಹೂ. ಮದುವೆ, ಕೋಲ, ಜಾತ್ರೆ ಇದ್ದ ದಿನ ಬಿಟ್ಟರೆ ರೇಟು ದಬಕ್ಕನೆ ಇಳಿಯುತ್ತದೆ. ಒಂದು ದಿನ 800 ಹೂ ಕಟ್ಟಿ ಕಳಿಸಿ ಕೈಗೆ ಬಂದದ್ದು 85 ರೂಪಾಯಿ. ಮೂಲ್ಕಿಯ ಬಪ್ಪನಾಡು ದೇವಸ್ಥಾನದಲ್ಲಿ ದೇವಿಯ ಶಯನಕ್ಕೆ ರಾಶಿ ರಾಶಿ ಮಲ್ಲಿಗೆ ಹೋಗುವಾಗ ಸ್ವಲ್ಪ ಜೀವ ಬರುತ್ತದೆ. ಆಟಿಯಲ್ಲಿ, ಅಂದರೆ ಮಳೆಗಾಲದ ಆ ತುಳು ತಿಂಗಳಲ್ಲಿ, ಮದುವೆ ಇಲ್ಲ, ಹೂವೂ ಇಲ್ಲ. ಚೌತಿಯ ಹೊತ್ತಿಗೆ ರೇಟು ಆಕಾಶಕ್ಕೆ. ವಿಡಿಯೋದ ಆ 2,100 ನಮಗೂ ಬಂತು, ಸುಳ್ಳಲ್ಲ. ಅವತ್ತು ಬೆಳಿಗ್ಗೆ ನಾನು ಕೊಯ್ದದ್ದು 58 ಮೊಗ್ಗು. ಲೆಕ್ಕ ಹಾಕಿದರೆ 38 ರೂಪಾಯಿ. ಅತ್ತೆ ಅದನ್ನು ಕಟ್ಟಿ ಅರ್ಧ ಗಣಪತಿಗೆ ಇಟ್ಟರು, ಅರ್ಧ ಮುಡಿದುಕೊಂಡರು.

ಅತ್ತೆ ಕಟ್ಟುವುದನ್ನು ನೋಡಬೇಕು. ಬೆಳಿಗ್ಗೆ ಐದೂವರೆಗೆ ನಾನು ಟಾರ್ಚ್ ಹಿಡಿದು ಕೊಯ್ದು ತಂದು ಚಾಪೆಯ ಮೇಲೆ ಸುರಿಯುತ್ತೇನೆ. ಅವರು ರಾತ್ರಿಯೇ ಬಾಳೆಬಳ್ಳಿ ನೆನೆಹಾಕಿರುತ್ತಾರೆ. ಬಾಳೆಗಿಡದ ಕಾಂಡದ ಸಿಪ್ಪೆಯಿಂದ ಸುಲಿದು ಒಣಗಿಸಿದ ನಾರು ಅದು, ಒದ್ದೆ ಇದ್ದರೆ ಮಾತ್ರ ಮಾತು ಕೇಳುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ತೊಟ್ಟಿಗೆ ತೊಟ್ಟು ತಾಗಿಸಿ, ಬಳ್ಳಿ ಒಂದು ಸುತ್ತು, ಒಂದು ಕುಣಿಕೆ, ಒಂದು ಎಳೆತ. ಮುಗಿಯಿತು. ಕಣ್ಣು ಹೂವಿನ ಮೇಲೆ ಇರುವುದೇ ಇಲ್ಲ. ಗೇಟಿನ ಕಡೆ ನೋಡುತ್ತಾ, ನನಗೆ ಬೈಯುತ್ತಾ, ಹಾಲಿನವನಿಗೆ ಲೆಕ್ಕ ಹೇಳುತ್ತಾ ಕಟ್ಟುತ್ತಾರೆ. ಒಂದು ಚೆಂಡಿಗೆ ಅವರಿಗೆ ಒಂದು ಗಂಟೆ ಚಿಲ್ಲರೆ. ನನಗೆ ಎರಡೂವರೆ ಗಂಟೆ ಬೇಕು, ಮತ್ತು ನಾನು ಕಟ್ಟಿದ್ದರಲ್ಲಿ ಮಧ್ಯೆ ಮಧ್ಯೆ ಕಿಟಕಿ. ಗಟ್ಟಿ ಎಳೆದರೆ ತೊಟ್ಟು ತುಂಡಾಗುತ್ತದೆ, ಸಡಿಲ ಬಿಟ್ಟರೆ ಹೂ ಉದುರುತ್ತದೆ. ಒಮ್ಮೆ ಅತ್ತೆಗೆ ಹುಷಾರಿಲ್ಲದಾಗ ನಾನೇ ಕಟ್ಟಿ ಕೊಟ್ಟಿದ್ದೆ. ಹೂ ತೆಗೆದುಕೊಳ್ಳುವವರು ಕೈಯಲ್ಲಿ ಎತ್ತಿ ನೋಡಿ, "ಅಮ್ಮ ಊರಲ್ಲಿ ಇಲ್ವಾ?" ಅಂದರು.

ವರ್ಷದ ಕೊನೆಗೆ ಪುಸ್ತಕ ತೆಗೆದು ಕೂತೆ. ಬಂದದ್ದು 16,340. ಹಿಂಡಿ, ಗೊಬ್ಬರ, ಬೇವಿನೆಣ್ಣೆ, ಇತರೆ 4,100. ಮೊದಲು ಹಾಕಿದ ಹಣಕ್ಕೆ ಇನ್ನೂ 860 ಬಾಕಿ. ಆಮೇಲೆ ಸುಮ್ನೆ ಇನ್ನೊಂದು ಲೆಕ್ಕ ಹಾಕಿದೆ. 240 ದಿನ ಹೂ ಕೊಟ್ಟಿದ್ದೇವೆ, ದಿನಕ್ಕೆ ಸರಾಸರಿ 40 ನಿಮಿಷ ಕಟ್ಟುವ ಕೆಲಸ. ಒಟ್ಟು 160 ಗಂಟೆ. ಉಳಿದ 12,240 ಪೂರ್ತಿ ಅತ್ತೆಗೆ ಕೊಟ್ಟರೂ ಗಂಟೆಗೆ 76 ರೂಪಾಯಿ ಬೀಳುತ್ತದೆ, ನಾನು ಕೊಯ್ದದ್ದು, ನೀರು ಬಿಟ್ಟದ್ದು ಎಲ್ಲ ಪುಕ್ಕಟೆ. ಬಾಯಮ್ಮನಿಗೆ ಹೇಳಿದರೆ ಅವರು ಜೋರಾಗಿ ನಕ್ಕರು. ಅವರ ಮಗಳ ನರ್ಸಿಂಗ್ ಫೀಸು ಹೋದದ್ದು ಮಲ್ಲಿಗೆಯಿಂದಲೇ, ಆದರೆ ಅವರದು ಇಡೀ ಅಂಗಳ, ಕಟ್ಟಲು ಮನೆಯಲ್ಲಿ ನಾಲ್ಕು ಜನ, ಮತ್ತು ಅವರು ಯಾವತ್ತೂ ಗಂಟೆ ಎಣಿಸಿದವರಲ್ಲ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಟೆರೇಸ್ ಎಷ್ಟು ಚದರಡಿ ಅಂತ ಅಲ್ಲ. ಮನೆಯಲ್ಲಿ ಕಟ್ಟುವವರು ಯಾರಿದ್ದಾರೆ ಅಂತ. ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ.

ಹೊಸ ಪುಸ್ತಕದಲ್ಲಿ "ಕಟ್ಟಿದ ಕೂಲಿ" ಅಂತ ಒಂದು ಸಾಲು ಸೇರಿಸಿದೆ, ಚೆಂಡಿಗೆ 60 ರೂಪಾಯಿ. ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, ಪೆನ್ನು ತೆಗೆದುಕೊಂಡು 60 ಹೊಡೆದುಹಾಕಿ 80 ಮಾಡಿದರು. "ಬಳ್ಳಿ ನನ್ನದೇ ಅಲ್ವಾ," ಅಂದರು.