ಪಿಪಿಒದಲ್ಲಿ ಶಾಂತವ್ವ, ಆಧಾರ್‌ನಲ್ಲಿ ಶಾಂತಾಬಾಯಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮಿಲಿಟರಿ ಪೆನ್ಷನ್ ಬರುವ ಮನೆಯ ಟ್ರಂಕು ತೆಗೆದು ಕಾಗದಗಳನ್ನು ಸಾಲಾಗಿ ಹರವಿ ನೋಡಿ. ಮನೆಯಾಕೆಯ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ತೆರನಾಗಿದ್ದರೆ ಅದೃಷ್ಟ. ಯಜಮಾನರು ಇರುವಷ್ಟು ದಿನ ಪೆನ್ಷನ್ ತಪ್ಪದೆ ಬರುತ್ತದೆ, ಹಾಗಾಗಿ ಯಾರೂ ಇದನ್ನು ನೋಡುವುದಿಲ್ಲ. ಅವರು ತೀರಿಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಕೊಟ್ಟಾಗ ಪಿಪಿಒದ (ಪೆನ್ಷನ್ ಮಂಜೂರಾತಿ ಆದೇಶದ) ಶಾಂತವ್ವ ಮತ್ತು ಆಧಾರ್‌ನ ಶಾಂತಾಬಾಯಿ ಒಬ್ಬರೇ ಎಂದು ಸಾಬೀತು ಮಾಡುವ ಹೊಣೆ ದುಃಖದಲ್ಲಿರುವ ಆ ತಾಯಿಯ ಮೇಲೆ ಬೀಳುತ್ತದೆ. ಯಜಮಾನರು ಇದ್ದಾಗ ಅವರ ಸಹಿಯಿಂದ ಮುಗಿಯುತ್ತಿದ್ದ ಕೆಲಸ ಅದು. ಆದ್ದರಿಂದ ತಿದ್ದುಪಡಿ ಗಂಡ ಹೆಂಡತಿ ಇಬ್ಬರೂ ಇರುವಾಗಲೇ ಆಗಬೇಕು, ಈ ವರ್ಷವೇ ಆಗಬೇಕು.

ನಮ್ಮ ಭಾಗದಲ್ಲಿ ಈ ತಪ್ಪು ಹೆಚ್ಚಲು ಕಾರಣಗಳಿವೆ. ಭರ್ತಿಯ ದಿನ ಹೆಸರು ಬರೆದುಕೊಂಡ ಕ್ಲರ್ಕ್ ಹಿಂದಿಯವರೋ ಮರಾಠಿಯವರೋ ಆಗಿರುತ್ತಿದ್ದರು. ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದರು. ಬಸವರಾಜದ 'ವ'ಕ್ಕೆ ಒಂದು ಕಡೆ ವಿ, ಇನ್ನೊಂದು ಕಡೆ ಡಬ್ಲ್ಯೂ. ಸಿದ್ದಪ್ಪನಿಗೆ ಒಂದು ಕಡೆ ಒಂದು ಡಿ, ಇನ್ನೊಂದು ಕಡೆ ಎರಡು. ನಮ್ಮ ರೂಢಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರಿದರೆ ಪೂರ್ತಿ ಹೆಸರು. ಫೌಜಿನಲ್ಲಿ ತಂದೆಯ ಹೆಸರು ಬಿಟ್ಟುಹೋಯಿತು, ಅಡ್ಡಹೆಸರು ಮುಂದೆ ಬಂತು, ಇಲ್ಲವೇ ಇನಿಷಿಯಲ್ ಆಗಿ ಕುಗ್ಗಿತು. ಹೆಣ್ಣುಮಕ್ಕಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು ಇನ್ನೊಂದು. ಊರಲ್ಲಿ ಗಂಗವ್ವ, ರೇಷನ್ ಕಾರ್ಡಿನಲ್ಲಿ ಗಂಗಾಬಾಯಿ. ಶಾಲೆಯ ದಾಖಲೆಯಲ್ಲಿ ತಂದೆಯ ಅಡ್ಡಹೆಸರು, ವೋಟರ್ ಕಾರ್ಡಿನಲ್ಲಿ ಗಂಡನದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಕಂಪ್ಯೂಟರಿಗೆ ಇಬ್ಬರು ಹೆಂಗಸರು.

ಎಲ್ಲ ವ್ಯತ್ಯಾಸವೂ ತಪ್ಪಲ್ಲ ಎಂಬುದನ್ನೂ ಹೇಳಬೇಕು. ಜಮಖಂಡಿ, ಬಾದಾಮಿ, ಮುಧೋಳದಿಂದ 1997ಕ್ಕೆ ಮುಂಚೆ ಭರ್ತಿಯಾದವರ ಕಾಗದದಲ್ಲಿ ಜಿಲ್ಲೆ ಬಿಜಾಪುರ ಎಂದೇ ಇರುತ್ತದೆ, ಬಾಗಲಕೋಟೆ ಜಿಲ್ಲೆ ಆದದ್ದೇ 1997ರ ಆಗಸ್ಟಿನಲ್ಲಿ. ಬೆಳಗಾಂ ಬೆಳಗಾವಿಯಾದದ್ದು, ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಅದಕ್ಕಾಗಿ ಹಳೆಯ ದಾಖಲೆ ತಿದ್ದಿಸಲು ಓಡಾಡಬೇಡಿ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದವರು ಮಾತ್ರ ಈಗಿನ ವಿಳಾಸವನ್ನು ದಾಖಲಿಸಲೇಬೇಕು. ಇಲ್ಲವಾದರೆ ಟಪಾಲು ಮುಳುಗಿದ ಊರಿನ ಹೆಸರಿಗೆ ಹೋಗಿ ಮರಳಿ ಹೋಗುತ್ತದೆ.

ಈಗ ಮುಖ್ಯ ವಿಷಯ: ಯಾವ ಕಾಗದ ತಾಯಿ, ಯಾವುದು ಮಗು? ಜವಾನರಿಂದ ಸುಬೇದಾರ್ ಮೇಜರ್‌ವರೆಗಿನವರ ಮೂಲ ದಾಖಲೆ ಅವರ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ಸ್ ಕಚೇರಿಯಲ್ಲಿರುತ್ತದೆ. ಸೇವೆಯ ವಿವರ ಶೀಟ್ ರೋಲ್‌ನಲ್ಲಿ, ಹೆಂಡತಿ ಮಕ್ಕಳ ವಿವರ ಕಿಂಡ್ರೆಡ್ ರೋಲ್‌ನಲ್ಲಿ. ಮದುವೆ, ಮಗುವಿನ ಜನನ, ಹೆಸರಿನ ತಿದ್ದುಪಡಿ, ಇವೆಲ್ಲ ಅಲ್ಲಿ ಸೇರಬೇಕಾದರೆ ಪಾರ್ಟ್ ಟೂ ಆರ್ಡರ್, ಅಂದರೆ ಇಂಥ ಬದಲಾವಣೆ ದಾಖಲಿಸುವ ಮಿಲಿಟರಿ ಆದೇಶ, ಹೊರಬೀಳಬೇಕು. ನಿಮ್ಮ ಕೈಯಲ್ಲಿರುವ ಡಿಸ್ಚಾರ್ಜ್ ಬುಕ್ ಅದರಿಂದ ಇಳಿಸಿದ್ದು. ಪಿಪಿಒ ಬರುವುದು ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ ಕಚೇರಿಯಿಂದ, ರೆಕಾರ್ಡ್ಸ್ ಕಚೇರಿ ಕಳಿಸಿದ ಮಾಹಿತಿಯ ಮೇಲೆ. ಸ್ಪರ್ಶ್ (ರಕ್ಷಣಾ ಇಲಾಖೆಯ ಆನ್‌ಲೈನ್ ಪೆನ್ಷನ್ ವ್ಯವಸ್ಥೆ) ಪ್ರೊಫೈಲ್, ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್, ಮಾಜಿ ಸೈನಿಕರ ಗುರುತಿನ ಚೀಟಿ ಎಲ್ಲವೂ ಅದರ ಕೆಳಗೆ. ಬಹಳ ಮಂದಿ ಕೆಳಗಿನಿಂದ ಶುರು ಮಾಡುತ್ತಾರೆ. ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಗುರುತಿನ ಚೀಟಿಯಲ್ಲಿ ಹೆಸರು ಸರಿ ಮಾಡಿಸಿ ನಿಶ್ಚಿಂತರಾಗುತ್ತಾರೆ. ಬೇರಿಗೆ ನೀರು ಹಾಕದೆ ಎಲೆ ತೊಳೆದಂತೆ ಅದು. ಮೊದಲು ರೆಕಾರ್ಡ್ಸ್, ಆಮೇಲೆ ಪಿಪಿಒ, ಉಳಿದದ್ದೆಲ್ಲ ಅದರ ಹಿಂದೆ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಅದರ ರೆಕಾರ್ಡ್ಸ್ ಕಚೇರಿಯೂ ಇಲ್ಲೇ. ಆದ್ದರಿಂದ ಎಲ್ಲ ಸೈನಿಕರ ಕಾಗದವೂ ಕ್ಯಾಂಪಿನಲ್ಲೇ ಸಿಗುತ್ತದೆಂದು ದೂರದ ತಾಲ್ಲೂಕುಗಳಿಂದ ಬಸ್ಸು ಹತ್ತಿ ಬರುವವರಿದ್ದಾರೆ. ಅಲ್ಲಿರುವುದು ಆ ಒಂದು ರೆಜಿಮೆಂಟಿನವರದು ಮಾತ್ರ. ತೋಪಖಾನೆಯವರದು ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ನವರದು ಜಬಲ್ಪುರ, ಇಎಂಇಯವರದು (ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್ಸ್ ಕೋರ್) ಸಿಕಂದರಾಬಾದ್, ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರು. ವಾಯುಪಡೆಯವರದು ದೆಹಲಿಯ ಸುಬ್ರೊತೊ ಪಾರ್ಕ್. ಪೆನ್ಷನ್ ಬಂದ ಮೇಲೆ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿ ಎರಡನೇ ಸೇವೆ ಮಾಡಿದವರಿಗೆ ಎರಡು ದಾಖಲೆ ಇರುತ್ತವೆ, ಹಳೆಯ ರೆಜಿಮೆಂಟಿನದು ಒಂದು, ಕಣ್ಣೂರಿನದು ಇನ್ನೊಂದು. ಅವರು ಎರಡೂ ಕಡೆ ತಿದ್ದಿಸಬೇಕು. ಒಂದು ಕಡೆ ಬಿಟ್ಟರೆ ಮುಂದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅರ್ಜಿಗೆ ಮುಂಚೆ ಒಂದು ಸಂಜೆ ಕೂತು ಹೋಲಿಸಿ. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟ, ಮೊದಲ ಪಿಪಿಒ, ಅದಾದ ಮೇಲೆ ಬಂದ ಎಲ್ಲ ಕೊರಿಜೆಂಡಮ್ (ತಿದ್ದುಪಡಿ) ಪಿಪಿಒ, ಸ್ಪರ್ಶ್‌ನಿಂದ ಇಳಿಸಿದ ಇ-ಪಿಪಿಒ, ಇಬ್ಬರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಬೇಕು. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, ಪ್ರತಿ ಕಾಗದದಲ್ಲಿ ಇರುವುದನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ. ಆರ್ಮಿ ನಂಬರಿನ ಕೊನೆಗಿರುವ ಇಂಗ್ಲಿಷ್ ಅಕ್ಷರವನ್ನೂ ಬಿಡಬೇಡಿ.

ಹೆಸರು ಮಾತ್ರ ನೋಡಿ ನಿಲ್ಲಿಸಬಾರದು, ದುಡ್ಡಿನ ನಷ್ಟ ಬೇರೆ ಕಡೆ ಇರುತ್ತದೆ. ಒಆರ್‌ಒಪಿ (ಒನ್ ರ್‍ಯಾಂಕ್ ಒನ್ ಪೆನ್ಷನ್) ಕೋಷ್ಟಕದಲ್ಲಿ ಪೆನ್ಷನ್ ತೀರ್ಮಾನವಾಗುವುದು ರ್‍ಯಾಂಕ್, ಗ್ರೂಪ್ (ಟ್ರೇಡಿನ ದರ್ಜೆ) ಮತ್ತು ಅರ್ಹ ಸೇವಾವಧಿಯ ಮೇಲೆ, ಅದೂ ಅರ್ಧ ಅರ್ಧ ವರ್ಷದ ಲೆಕ್ಕದಲ್ಲಿ. 3 ತಿಂಗಳು ತುಂಬಿದರೆ ಅರ್ಧ ವರ್ಷ, 9 ತಿಂಗಳು ತುಂಬಿದರೆ ಒಂದು ವರ್ಷ. 17 ವರ್ಷ 4 ತಿಂಗಳು ಸೇವೆ ಮಾಡಿದವರಿಗೆ ಹದಿನೇಳೂವರೆ ವರ್ಷದ ಸಾಲು ಸಿಗಬೇಕು. ಸ್ಪರ್ಶ್‌ನಲ್ಲಿ 17 ಎಂದಷ್ಟೇ ಇದ್ದರೆ ತಿಂಗಳು ತಿಂಗಳೂ ಕಡಿಮೆ ಬರುತ್ತಿರಬಹುದು. ರಜೆಯಿಲ್ಲದೆ ಗೈರಾದ ದಿನಗಳನ್ನು ಅರ್ಹ ಸೇವೆಯಿಂದ ಕಳೆದಿರುತ್ತಾರೆ, ಅದನ್ನು ಡಿಸ್ಚಾರ್ಜ್ ಬುಕ್ಕಿನಲ್ಲಿ ನೋಡಿಕೊಂಡೇ ಲೆಕ್ಕ ಹಾಕಿ. ಕಮ್ಯೂಟೇಶನ್ ತಾರೀಖು ಕೂಡ ಹಾಗೆಯೇ: ಒಟ್ಟು ಹಣ ಮೊದಲೇ ಪಡೆದು ಮಾರಿಕೊಂಡ ಪೆನ್ಷನ್ ಭಾಗ 15 ವರ್ಷಕ್ಕೆ ಮರಳಿ ಸೇರಬೇಕು, ಬ್ಯಾಂಕಿನಿಂದ ಸ್ಪರ್ಶ್‌ಗೆ ಬಂದಾಗ ತಾರೀಖು ತಪ್ಪಾಗಿದ್ದರೆ ಕಡಿತ ಮುಂದುವರಿಯುತ್ತದೆ.

ಮತ್ತೊಂದು, ಹೆಂಡತಿಯ ಜನ್ಮ ದಿನಾಂಕ. ಹಳೆಯ ಪಿಪಿಒಗಳಲ್ಲಿ ಆ ಜಾಗ ಖಾಲಿ ಇರುವುದುಂಟು. ಕುಟುಂಬ ಪಿಂಚಣಿ ಪಡೆಯುವವರಿಗೂ 80 ತುಂಬಿದ ತಿಂಗಳಿಂದ 20 ಪ್ರತಿಶತ ಹೆಚ್ಚುವರಿ ಸಿಗಬೇಕು. 85ಕ್ಕೆ 30, 90ಕ್ಕೆ 40, 95ಕ್ಕೆ 50, 100ಕ್ಕೆ ನೂರಕ್ಕೆ ನೂರು. ದಿನಾಂಕವೇ ದಾಖಲೆಯಲ್ಲಿಲ್ಲದಿದ್ದರೆ 80 ಆಯಿತೆಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ನಮ್ಮ ಅಜ್ಜಿಯಂದಿರ ಹಕ್ಕಿನ ದುಡ್ಡು ಈ ಒಂದು ಖಾಲಿ ಜಾಗದಿಂದ ನಿಂತುಹೋಗುತ್ತದೆ.

ಸೈನಿಕರ ಸ್ವಂತ ಜನ್ಮ ದಿನಾಂಕದ ಬಗ್ಗೆ ನೇರವಾಗಿ ಹೇಳುತ್ತೇನೆ. ಭರ್ತಿಯಲ್ಲಿ ಒಪ್ಪಿ ಸಹಿ ಮಾಡಿದ ದಿನಾಂಕ ನಿವೃತ್ತಿಯ ಮೇಲೆ ಬದಲಾಗುವುದಿಲ್ಲ ಎಂದೇ ತಿಳಿಯಿರಿ. ಶಾಲೆಯ ಮಾಸ್ತರರು ಜೂನ್ 1 ಎಂದು ಬರೆಸಿದ್ದು, ನಿಜವಾಗಿ ಹುಟ್ಟಿದ್ದು ದೀಪಾವಳಿ ಹೊತ್ತಿಗೆ ಎಂಬ ವಾದ ನಡೆಯುವುದಿಲ್ಲ. ಶೀಟ್ ರೋಲ್‌ನಲ್ಲಿ ಒಂದಿದ್ದು ಪಿಪಿಒದಲ್ಲಿ ಇನ್ನೊಂದು ಟೈಪಾಗಿದ್ದರೆ ಅದು ಕ್ಲರ್ಕಿನ ಕೈತಪ್ಪು, ಅದನ್ನು ಖಂಡಿತ ತಿದ್ದುತ್ತಾರೆ. ಆಧಾರ್‌ನಲ್ಲಿ ಬೇರೆ ದಿನಾಂಕವಿದ್ದರೆ ಆಧಾರನ್ನೇ ಬದಲಿಸಿ. ಆದರೆ ಎಚ್ಚರ: ಆಧಾರ್‌ನಲ್ಲಿ ಜನ್ಮ ದಿನಾಂಕ ಒಂದೇ ಸಲ, ಹೆಸರು ಎರಡೇ ಸಲ ಬದಲಿಸಲು ಬರುತ್ತದೆ. ಗಡಿಬಿಡಿಯಲ್ಲಿ ಆ ಅವಕಾಶ ಕಳೆದುಕೊಂಡರೆ ಮುಂದೆ ಬಹಳ ಕಷ್ಟ.

ಹೆಸರಿನ ಮಟ್ಟಿಗೂ ನನ್ನ ಸಲಹೆ ಅದೇ. ಮಿಲಿಟರಿ ದಾಖಲೆಯಲ್ಲಿ ಗುರುತು ಸರಿಯಿದ್ದು ಒಂದೆರಡು ಅಕ್ಷರ ಮಾತ್ರ ಬೇರೆಯಾಗಿದ್ದರೆ ಆಧಾರ್, ಪ್ಯಾನ್, ಪಾಸ್‌ಬುಕ್ಕನ್ನು ಪಿಪಿಒಗೆ ಹೊಂದಿಸಿ. ತಿಂಗಳೊಳಗೆ ಮುಗಿಯಬಹುದು. ಹೆಸರೇ ಬೇರೆಯಾಗಿದ್ದರೆ, ಹೆಂಡತಿಯ ಹೆಸರೇ ಸೇರಿಲ್ಲದಿದ್ದರೆ, ಮಕ್ಕಳ ಹೆಸರು ಬಿಟ್ಟುಹೋಗಿದ್ದರೆ ಆಗ ರೆಕಾರ್ಡ್ಸ್ ಕಚೇರಿಯೇ ಗತಿ.

ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ. ತಲೆಯಲ್ಲಿ ಆರ್ಮಿ ನಂಬರ್, ರ್‍ಯಾಂಕ್, ದಾಖಲೆಯಲ್ಲಿ ಇದ್ದಂತೆಯೇ ಹೆಸರು, ಭರ್ತಿಯ ತಾರೀಖು, ಡಿಸ್ಚಾರ್ಜ್ ತಾರೀಖು, ಪಿಪಿಒ ನಂಬರ್, ಮೊಬೈಲ್ ನಂಬರ್. ಅದರ ಕೆಳಗೆ ಎರಡೇ ಸಾಲು: ದಾಖಲೆಯಲ್ಲಿ ಹೀಗಿದೆ, ಹೀಗೆ ಆಗಬೇಕು. ಕಥೆ ಬರೆಯಬೇಡಿ. ಹೆಂಡತಿಯ ಹೆಸರು, ಸೇವಾವಧಿಯ ಲೆಕ್ಕ ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡಿ. ಅವು ಬೇರೆ ಬೇರೆ ಟೇಬಲ್ಲಿಗೆ ಹೋಗುವ ವಿಷಯ, ಒಂದು ಮುಗಿದರೆ ಇನ್ನೊಂದು ಕಡತದಲ್ಲೇ ಮಲಗುತ್ತದೆ.

ಹೆಸರಿನ ತಿದ್ದುಪಡಿಗೆ ಅಫಿಡವಿಟ್ ಬೇಕೇ ಬೇಕು. ನೋಟರಿಯ ಸಹಿ ಸಾಕೇ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕೇ ಎಂಬುದನ್ನು ನಿಮ್ಮ ರೆಕಾರ್ಡ್ಸ್ ಕಚೇರಿಗೆ ಕೇಳಿಕೊಂಡೇ ಮಾಡಿಸಿ. ಕೇಳಲು ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆಯೇ ಮಾಡಿಸುವುದು ಲೇಸು, ಅದನ್ನು ಯಾರೂ ತಳ್ಳಿಹಾಕುವುದಿಲ್ಲ. ಅಫಿಡವಿಟ್‌ನಲ್ಲಿ ಎರಡೂ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬಂದು, ಇಬ್ಬರೂ ಒಬ್ಬರೇ ಎಂಬ ಮಾತು ಇರಬೇಕು. ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಹೊಸ ತಪ್ಪು ಹುಟ್ಟುವುದೇ ಇಲ್ಲಿ, ಸಹಿಗೆ ಮುಂಚೆ ಅಕ್ಷರ ಅಕ್ಷರ ಓದಿ. ಪತ್ರಿಕಾ ಪ್ರಕಟಣೆ ಕೇಳಿದರೆ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆ. ಜಾಹೀರಾತಿನ ತುಂಡು ಕತ್ತರಿಸಿ ಕಳಿಸಬೇಡಿ, ಪತ್ರಿಕೆಯ ಹೆಸರು, ತಾರೀಖು ಕಾಣುವಂತೆ ಇಡೀ ಪುಟ ಇರಲಿ. ಜೊತೆಗೆ ಇಬ್ಬರ ಆಧಾರ್, ಪ್ಯಾನ್, ಪಿಪಿಒ, ಡಿಸ್ಚಾರ್ಜ್ ಬುಕ್ಕಿನ ಝೆರಾಕ್ಸ್, ಇಬ್ಬರೂ ಕೂಡಿರುವ ಫೋಟೋ. ಎಲ್ಲಕ್ಕೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ದೃಢೀಕರಣ ಹಾಕಿಸಿ, ಅವರ ಮೂಲಕವೇ ಕಳಿಸಿದರೆ ಇನ್ನೂ ಒಳ್ಳೆಯದು. ಡಿಸ್ಚಾರ್ಜ್ ಬುಕ್ಕಿನ ಅಸಲು ಪ್ರತಿಯನ್ನು ಅವರಾಗಿ ಲಿಖಿತವಾಗಿ ಕೇಳದೆ ಟಪಾಲಿಗೆ ಹಾಕಬಾರದು. ನೀವೇ ಕಳಿಸುವುದಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯ ಫೋಟೋ ತೆಗೆದಿಡಿ, ಅದರ ಶಾಯಿ ಬೇಗ ಮಾಸುತ್ತದೆ.

ಬರಬೇಕಾದ ಉತ್ತರ ಎರಡು. ಮೊದಲು ಪಾರ್ಟ್ ಟೂ ಆರ್ಡರ್ ಪ್ರಕಟವಾದ ನಂಬರ್ ಮತ್ತು ತಾರೀಖು. ಎರಡನೆಯದು ಕೊರಿಜೆಂಡಮ್ ಪಿಪಿಒ. ಮೊದಲನೆಯದು ಬಂದಾಗಲೇ ಕೆಲಸ ಮುಗಿಯಿತೆಂದು ಸುಮ್ಮನಾಗುವವರು ಬಹಳ. ಅದು ಅರ್ಧ ದಾರಿ ಮಾತ್ರ. ಪಿಪಿಒ ಬದಲಾಗದೆ ಸ್ಪರ್ಶ್‌ನಲ್ಲಿ ಏನೂ ಬದಲಾಗುವುದಿಲ್ಲ.

ತಿಂಗಳುಗಟ್ಟಲೆ ಉತ್ತರವೇ ಬಾರದಿದ್ದರೆ ಸಿಟ್ಟಿನ ಪತ್ರ ಬರೆಯುವುದಕ್ಕಿಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನನ್ನ ಅರ್ಜಿ ಏನಾಯಿತು ಎಂದಷ್ಟೇ ಕೇಳದೆ ನಿಮ್ಮದೇ ಶೀಟ್ ರೋಲ್, ಕಿಂಡ್ರೆಡ್ ರೋಲ್ ಮತ್ತು ಹೆಂಡತಿ ಮಕ್ಕಳ ಕುರಿತ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ ಕೇಳಿ. ತಪ್ಪು ಎಲ್ಲಿ ಹುಟ್ಟಿತು ಎಂದು ಆಗ ಕಣ್ಣಿಗೆ ಕಾಣುತ್ತದೆ. ಸ್ಪರ್ಶ್‌ನಲ್ಲಿ ಮಾತ್ರ ತಪ್ಪಿದ್ದು ಪಿಪಿಒ ಸರಿಯಿದ್ದರೆ ಪೋರ್ಟಲ್ಲಿನಲ್ಲೇ ದೂರು ದಾಖಲಿಸಿ, ಅಥವಾ 1800-180-5325ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಪೆನ್ಷನ್ ಇಲ್ಲದೆ ಕಡಿಮೆ ಸೇವೆಯಲ್ಲಿ ಮನೆಗೆ ಬಂದವರು ತಡಮಾಡಲೇಬಾರದು. ಅವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುವ ಪದ್ಧತಿಯಿದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ಖಾಯಂ ದಾಖಲೆಯ ಚುಟುಕು ವಿವರ ಮಾತ್ರ.

ಅಂಗವೈಕಲ್ಯ ಇರುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಆ ಅರ್ಜಿ ಹೋಗಲಿ. ದುಡಿದು ತಿನ್ನಲಾಗದ ಮಗುವಿಗೆ ತಂದೆತಾಯಿಯ ನಂತರ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗುತ್ತದೆ. ಅದರ ಹೆಸರು, ವೈದ್ಯಕೀಯ ಪ್ರಮಾಣಪತ್ರ ಸಮೇತ, ನೀವಿರುವಾಗಲೇ ದಾಖಲಾಗಲಿ.

ಯಜಮಾನರು ಈಗಾಗಲೇ ಇಲ್ಲದ ಮನೆಯಲ್ಲಿ ಮರಣ ಪ್ರಮಾಣಪತ್ರದಿಂದ ಶುರು ಮಾಡಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಬರೆಸುವಾಗ ಊರಲ್ಲಿ ಕರೆಯುವ ಹೆಸರು ಹೇಳದೆ ಪಿಪಿಒವನ್ನೇ ಎದುರಿಗಿಟ್ಟು ಅದರಲ್ಲಿದ್ದಂತೆ ಬರೆಸಿ. ತಾಯಿಯ ಹೆಸರಿನ ಅಫಿಡವಿಟ್ ಈಗ ಅವರದೇ ಸಹಿಯಲ್ಲಿ, ಹೆಬ್ಬೆಟ್ಟಾದರೆ ಇಬ್ಬರು ಸಾಕ್ಷಿಗಳೊಂದಿಗೆ. ಅವರೊಬ್ಬರನ್ನೇ ಕಚೇರಿಗೆ ಕಳಿಸಬೇಡಿ, ಕಾಗದದ ಕಟ್ಟು ಹಿಡಿದು ಮಗನೋ ಮಗಳೋ ಜೊತೆಗೆ ಹೋಗಿ.

ಹೊಸ ಪಿಪಿಒ ಬಂದ ದಿನವೇ ಅದನ್ನು ಆ ಗೆರೆ ಎಳೆದ ಹಾಳೆಯ ಪಕ್ಕ ಇಟ್ಟು ಓದಿ, ತಿದ್ದುಪಡಿಯಲ್ಲೂ ಅಕ್ಷರ ತಪ್ಪುವುದುಂಟು. ಸರಿಯಿದ್ದರೆ ಇಸಿಎಚ್‌ಎಸ್‌ಗೂ ಗುರುತಿನ ಚೀಟಿಗೂ ಪ್ರತಿ ಕೊಡಿ. ಹಳೆಯ ಪಿಪಿಒ ಹರಿದುಹಾಕಬೇಡಿ, ಹೊಸದು ಅದರ ನಂಬರನ್ನೇ ಹೇಳುತ್ತದೆ. ಎರಡನ್ನೂ ಒಂದೇ ಕವರಿನಲ್ಲಿ ಹಾಕಿ, ಅದು ಟ್ರಂಕಿನಲ್ಲಿ ಎಲ್ಲಿದೆ ಎಂದು ಮನೆಯಾಕೆಗೆ ತೋರಿಸಿಡಿ.